ಲಲಿತ, ಲಲಿತಾ, ಲಲಿತೆ: ಅಜ್ಜಿಯ ಹೆಸರನ್ನು ಮಗಳಿಗೆ ಹೇಗೆ ಬರೆಯಲಿ?

ಪ್ರಶ್ನೆ: ಸುಜಾತಾ ಮೇಡಂ ಅವರಿಗೆ ನಮಸ್ಕಾರ. ನನಗೆ ಎರಡೂವರೆ ತಿಂಗಳ ಮಗಳಿದ್ದಾಳೆ. ಹೆಣ್ಣಾದರೆ ನಮ್ಮವರ ಅಜ್ಜಿಯ ಹೆಸರೇ ಇಡೋಣ ಅಂತ ಮೊದಲೇ ಮಾತಾಗಿತ್ತು. ಅಜ್ಜಿ ಹೋದ ಕಾರ್ತಿಕದಲ್ಲಿ ತೀರಿಕೊಂಡರು, 84 ವರ್ಷ ಆಗಿತ್ತು. ಊರಿಗೆಲ್ಲ ಅವರು ಲಲಿತಮ್ಮ. ಹೆಸರಿನ ಬಗ್ಗೆ ಮನೆಯಲ್ಲಿ ಯಾರದ್ದೂ ತಕರಾರಿಲ್ಲ. ಅದನ್ನು ಬರೆಯುವುದು ಹೇಗೆ ಅನ್ನುವುದಕ್ಕೇ ದಿನಾ ಮಾತು ನಡೆಯುತ್ತಿದೆ. ನಮ್ಮವರು ‘ಲಲಿತಾ’ ಅನ್ನುತ್ತಾರೆ. ಅತ್ತೆಗೆ ‘ಲಲಿತೆ’ ಇಷ್ಟ, ಅದೇ ಕನ್ನಡದ ರೂಪ ಅನ್ನುತ್ತಾರೆ. ಆದರೆ ಅಜ್ಜಿ ಹಾಲಿನ ಡೇರಿಯ ಪಾಸ್‌ಬುಕ್ಕಿನಲ್ಲಿ ಸಹಿ ಹಾಕುತ್ತಿದ್ದದ್ದು ‘ಲಲಿತ’ ಅಂತ, ದೀರ್ಘ ಇಲ್ಲದೆ. ಆ ಪುಟದ ಝೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ನಾವು ದೀರ್ಘ ಹಾಕಿದರೆ ಅದು ಅಜ್ಜಿಯ ಹೆಸರಾಗಿ ಉಳಿಯುತ್ತಾ ಅನ್ನುವುದು ನನ್ನ ಸಂಕಟ. ಇಂಗ್ಲಿಷಿನಲ್ಲಂತೂ ಇನ್ನೂ ಗೊಂದಲ. ಟಿ ಆದ ಮೇಲೆ ಎಚ್ ಹಾಕೋಣ ಅಂತ ನಾವಿದ್ದೆವು. ಪುಣೆಯಲ್ಲಿರುವ ಭಾವ ಎಚ್ ಬೇಡವೇ ಬೇಡ ಅನ್ನುತ್ತಾರೆ. ಸಂಖ್ಯಾಶಾಸ್ತ್ರ ನೋಡುವವರೊಬ್ಬರು ಇನ್ನೊಂದು ಎಲ್ ಸೇರಿಸಿ ಅಂದಿದ್ದಾರೆ. ಮುಂದಿನ ತಿಂಗಳು ನಾಮಕರಣ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇದೆ. ದಯವಿಟ್ಟು ಒಂದು ದಾರಿ ಹೇಳಿ.
— ಒಬ್ಬ ತಾಯಿ, ಅರಸೀಕೆರೆ

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಸಂತೋಷವಾಯಿತು, ತಂಗಿ. ನಾನು 1986ರಲ್ಲಿ ಹೈಸ್ಕೂಲಿಗೆ ಕನ್ನಡ ಮೇಡಂ ಆಗಿ ಸೇರಿದಾಗ ತರಗತಿಗೆ ಒಬ್ಬಳಾದರೂ ಲಲಿತಾ ಇರುತ್ತಿದ್ದಳು. ಒಂದು ವರ್ಷ ಒಂಬತ್ತನೇ ತರಗತಿಯಲ್ಲಿ ಮೂವರಿದ್ದರು. ಒಬ್ಬಳನ್ನು ಕರೆದರೆ ಮೂವರೂ ಎದ್ದು ನಿಲ್ಲುತ್ತಿದ್ದರು. 33 ವರ್ಷ ಕಳೆದು ನಾನು ನಿವೃತ್ತಳಾದಾಗ ಇಡೀ ಶಾಲೆಯ ಹಾಜರಿ ಪುಸ್ತಕಗಳಲ್ಲಿ ಆ ಹೆಸರು ಒಂದೂ ಇರಲಿಲ್ಲ. ಈಗ ಅರಸೀಕೆರೆಯ ತೊಟ್ಟಿಲೊಂದರಲ್ಲಿ ಒಬ್ಬಳು ಮಲಗಿದ್ದಾಳೆ ಅಂತ ಕೇಳಿ ಮನಸ್ಸು ತುಂಬಿತು.

ಮೊದಲು ಅಜ್ಜಿಯ ಸಹಿಯ ವಿಷಯ. ನಿಮ್ಮ ಪತ್ರಕ್ಕಿಂತ ಆ ಝೆರಾಕ್ಸನ್ನೇ ಜಾಸ್ತಿ ಹೊತ್ತು ನೋಡಿದೆ. ಮೊದಲ ‘ಲ’ ದೊಡ್ಡದಾಗಿದೆ. ‘ಲಿ’ಯ ಗುಡಿಸನ್ನು ಚೆನ್ನಾಗಿ ಮೇಲಕ್ಕೆ ಎತ್ತಿದ್ದಾರೆ. ‘ತ’ ಗೆರೆಯಿಂದ ಸ್ವಲ್ಪ ಕೆಳಗೆ ಇಳಿದಿದೆ. ಹಾಲು ಹಾಕಿ, ಕ್ಯಾನು ಕೆಳಗಿಟ್ಟು, ನಿಂತುಕೊಂಡೇ ಮಾಡಿದ ಸಹಿ ಇರಬೇಕು. ಅದರಲ್ಲಿ ತಪ್ಪು ಹುಡುಕುವ ಕೆಲಸವೇ ಇಲ್ಲ. ಆ ತಲೆಮಾರಿನ ನೂರಾರು ಹೆಂಗಸರ ಸಹಿ ನಾನು ನೋಡಿದ್ದೇನೆ. ಮಕ್ಕಳ ಪ್ರಗತಿ ಪತ್ರಕ್ಕೆ ಸಹಿ ಹಾಕುವ ಅಮ್ಮಂದಿರು, ಅಜ್ಜಿಯರು ಗೀತ, ಶಾರದ, ಸುಶೀಲ, ಸರೋಜ ಅಂತಲೇ ಬರೆಯುತ್ತಿದ್ದರು. ಕನ್ನಡದಲ್ಲಿ ನಾವು ಮಾತಾಡುವಾಗ ಹೆಸರಿನ ಕೊನೆಯ ‘ಆ’ ತಾನಾಗಿ ಮೊಟಕಾಗುತ್ತದೆ. ‘ಲಲಿತ ಬಂದ್ಳು’, ‘ಲಲಿತ ಕೊಟ್ಳು’ ಅನ್ನುತ್ತೇವೆ. ಕಿವಿಗೆ ಬಿದ್ದ ಹಾಗೆ ಅವರು ಬರೆದರು.

ಆದರೆ ಅದೇ ಹೆಸರನ್ನು ಕೂಗಿ ಕರೆದು ನೋಡಿ. ಹಿತ್ತಲಲ್ಲಿ ಇರುವವಳನ್ನು ಅಡುಗೆಮನೆಯಿಂದ ಕರೆಯಿರಿ. ‘ಲಲಿತಾ...’ ಅಂತ ಕೊನೆ ತಾನಾಗಿ ಉದ್ದವಾಗುತ್ತದೆ, ಅಲ್ವಾ? ನಿಮ್ಮ ಅಜ್ಜಿಯನ್ನು ಅವರ ತಾಯಿ ಕರೆದದ್ದು ಹೀಗೇ. ಆ ದೀರ್ಘ ಅವರ ಹೆಸರಿನಲ್ಲಿ ಇತ್ತು, ಸಹಿಯಲ್ಲಿ ಮಾತ್ರ ಇರಲಿಲ್ಲ. ಹಾಗಾಗಿ ದೀರ್ಘ ಹಾಕಿದರೆ ಅಜ್ಜಿಯ ಹೆಸರು ಕೈತಪ್ಪುತ್ತದೆ ಅನ್ನುವ ಭಯ ಬಿಡಿ.

ಈಗ ಮೂರು ರೂಪಗಳನ್ನು ಒಂದೊಂದಾಗಿ ನೋಡೋಣ. ಒಂದನೇ ತರಗತಿಯ ಕಾಗುಣಿತದ ಲೆಕ್ಕದಲ್ಲಿ ಹೇಳಿದರೆ ಇದು ಬಹಳ ಸಣ್ಣ ವ್ಯತ್ಯಾಸ. ತಲಕಟ್ಟು ಕೊಟ್ಟರೆ ‘ತ’, ಇಳಿ ಕೊಟ್ಟರೆ ‘ತಾ’, ಎತ್ವ ಕೊಟ್ಟರೆ ‘ತೆ’. ಹೆಸರು ಹೇಗೂ ಮೂರೇ ಅಕ್ಷರ. ಆದರೆ ಕನ್ನಡ ವಾಕ್ಯದಲ್ಲಿ ಕೂರಿಸಿದಾಗ ಈ ಮೂರೂ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ.

‘ಲಲಿತ’ ಅನ್ನುವುದು ಕನ್ನಡದಲ್ಲಿ ಹೆಚ್ಚಾಗಿ ಗುಣ ಹೇಳುವ ಪದ. ಲಲಿತ ಕಲೆ ಅನ್ನುತ್ತೇವೆ, ಲಲಿತ ಪ್ರಬಂಧ ಅನ್ನುತ್ತೇವೆ. ಛಂದಸ್ಸಿನ ಪಾಠದಲ್ಲಿ ಉತ್ಸಾಹ, ಮಂದಾನಿಲ, ಲಲಿತ ಅಂತ ಮೂರು ರಗಳೆ ಬರುತ್ತವೆ. ಲಲಿತ ರಗಳೆಯಲ್ಲಿ ಐದೈದು ಮಾತ್ರೆಯ ಗಣ, ಸಾಲಿಗೆ ನಾಲ್ಕು. ಪಾಠ ಮಾಡುವಾಗ ಮೇಜು ತಟ್ಟಿ ಹೇಳಿಕೊಡುತ್ತಿದ್ದೆ, ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾಗುತ್ತಿದ್ದದ್ದು ಇದೇ. ಅಂದರೆ ಪದ ತುಂಬಾ ಚೆಂದದ್ದು. ಹೆಣ್ಣಿನ ಹೆಸರಾಗಿ ಬರೆದಾಗಲೇ ತೊಂದರೆ. ಕನ್ನಡದಲ್ಲಿ ‘ಅ’ದಲ್ಲಿ ಮುಗಿಯುವ ಮನುಷ್ಯರ ಹೆಸರು ಕಂಡರೆ ಗಂಡಸು ಅಂತಲೇ ಮನಸ್ಸು ಹೋಗುತ್ತದೆ. ರಾಮ, ರಾಮನಿಗೆ. ಲಲಿತ, ಲಲಿತನಿಗೆ. ಉತ್ತರ ಭಾರತದಲ್ಲಿ ಲಲಿತ್ ಅನ್ನುವ ಗಂಡಸರು ಬೇಕಾದಷ್ಟು ಜನ ಇದ್ದಾರೆ.

ಇದು ಸುಮ್ನೆ ವ್ಯಾಕರಣದ ಮಾತಲ್ಲ. ತೊಂಬತ್ತರ ದಶಕದಲ್ಲಿ ಬೇರೆ ತಾಲ್ಲೂಕಿನಿಂದ ಒಂದು ಹುಡುಗಿ ನಮ್ಮ ಶಾಲೆಗೆ ಬಂದಳು. ಅವಳ ಟಿ.ಸಿ.ಯಲ್ಲಿ ಹೆಸರು ‘ಲಲಿತ’. ಬರೆದವರು ಹೆಸರು ನೋಡಿಕೊಂಡು ‘ವ್ಯಾಸಂಗ ಮಾಡಿರುತ್ತಾನೆ’ ಅಂತ ತುಂಬಿಸಿದ್ದರು. ಮುಂದಿನ ಗೆರೆಯಲ್ಲಿ ‘ಗಂಡು’ ಅಂತಲೂ ಇತ್ತು. ಎರಡು ಜಡೆ ಹಾಕಿಕೊಂಡು, ಅಪ್ಪನ ಕೈ ಹಿಡಿದು ನಿಂತಿದ್ದ ಆ ಮಗು ನನ್ನ ಮುಖವನ್ನೇ ನೋಡುತ್ತಿತ್ತು. ಟಿ.ಸಿ. ಸರಿಮಾಡಿಸಿಕೊಂಡು ಬರಲು ಅವಳ ಅಪ್ಪ ಎರಡು ದಿನದ ಕೂಲಿ ಬಿಟ್ಟು, ಎರಡು ಸಲ ಬಸ್ಸು ಹತ್ತಿದರು. ಒಂದು ಇಳಿ ಇದ್ದಿದ್ದರೆ ಅಷ್ಟೂ ತಪ್ಪುತ್ತಿತ್ತು. ಅವತ್ತಿನಿಂದ ಹೊಸದಾಗಿ ಸೇರುವ ಹೆಣ್ಣುಮಕ್ಕಳ ಹೆಸರು ಬರೆಯುವಾಗ ಕೊನೆಯ ದೀರ್ಘವನ್ನು ತಂದೆತಾಯಿಗೆ ತೋರಿಸಿ, ಕೇಳಿ, ಆಮೇಲೆ ಶಾಯಿ ಮುಟ್ಟಿಸುತ್ತಿದ್ದೆ.

ನಿಮ್ಮ ಅತ್ತೆಯವರ ‘ಲಲಿತೆ’ಗೆ ಬರುತ್ತೇನೆ. ಅವರು ಹೇಳುವುದು ನೂರಕ್ಕೆ ನೂರು ಸರಿ. ಸಂಸ್ಕೃತದ ‘ಆ’ಕಾರದ ಪದ ಕನ್ನಡಕ್ಕೆ ಬಂದಾಗ ‘ಎ’ಕಾರ ಆಗುವುದು ನಮ್ಮ ಭಾಷೆಯ ಹಳೆಯ ರೂಢಿ. ಮಾಲಾ ಹೋಗಿ ಮಾಲೆ, ಶಾಲಾ ಹೋಗಿ ಶಾಲೆ, ಗಂಗಾ ಹೋಗಿ ಗಂಗೆ, ಸೀತಾ ಹೋಗಿ ಸೀತೆ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನೇ ಇದನ್ನು ಸೂತ್ರ ಮಾಡಿ ಹೇಳಿದ್ದಾನೆ. ವಿಭಕ್ತಿ ಸೇರಿಸಲೂ ಇದೇ ಸಲೀಸು. ಲಲಿತೆಗೆ, ಲಲಿತೆಯ, ಲಲಿತೆಯಿಂದ ಅಂತ ನೀರಿನ ಹಾಗೆ ಹರಿಯುತ್ತದೆ. ‘ಲಲಿತಾಳಿಗೆ’ ಅನ್ನುವಾಗ ನಾಲಗೆ ಒಂದು ಮೆಟ್ಟಿಲು ಹತ್ತಬೇಕು. ಕನ್ನಡ ಮೇಡಂ ಆಗಿ ನನಗೆ ‘ಲಲಿತೆ’ ಮೇಲೆ ಪ್ರೀತಿ ಜಾಸ್ತಿಯೇ.

ಆದರೂ ದಾಖಲೆಗೆ ಅದನ್ನು ಬರೆಸಿ ಅಂತ ನಾನು ಹೇಳುವುದಿಲ್ಲ. ಒಂದು, ನಿಮ್ಮ ಅಜ್ಜಿಯನ್ನು ಯಾರೂ ಹಾಗೆ ಕರೆದಿರಲಿಲ್ಲ. ಆ ಅಜ್ಜಿಯ ನೆನಪಿಗೇ ತಾನೇ ಈ ಹೆಸರು? ಇನ್ನೊಂದು, ಇಂಗ್ಲಿಷಿನಲ್ಲಿ ಕೊನೆಗೆ ‘ಇ’ ಅಕ್ಷರ ಬಂದ ಕೂಡಲೇ ಕನ್ನಡ ಬಾರದವರು ಅದನ್ನು ನುಂಗಿಬಿಡುತ್ತಾರೆ. ಮಗು ‘ಲಲಿತ್’ ಆಗಿಬಿಡುತ್ತಾಳೆ. ಅತ್ತೆ ತೊಟ್ಟಿಲು ತೂಗುವಾಗ, ಹಸೆಗೆ ಕರೆಯುವಾಗ ‘ಲಲಿತೆ’ ಅಂತಲೇ ಹಾಡಲಿ. ಮನೆಯ ಆ ಹೆಸರು ಅವರದ್ದಾಗಿರಲಿ.

ಹಾಗಾಗಿ ಕನ್ನಡದಲ್ಲಿ ನನ್ನ ಮಾತು ‘ಲಲಿತಾ’. ಅತ್ತೆಗೆ ಅನುಮಾನ ಬಂದರೆ ದೇವರ ಕೋಣೆಯಲ್ಲಿ ಶುಕ್ರವಾರ ಓದುವ ಪುಸ್ತಕ ಇದ್ದರೆ ತೆಗೆದು ತೋರಿಸಿ. ಮುಖಪುಟದಲ್ಲಿ ‘ಲಲಿತಾ ಸಹಸ್ರನಾಮ’ ಅಂತ ಇಳಿ ಸಮೇತ ಇರುತ್ತದೆ. ‘ಶ್ರೀಮಾತಾ’ ಅಂತ ಶುರುವಾಗಿ, ಸಾವಿರ ಹೆಸರು ಹೇಳಿ, ಕೊನೆಗೆ ‘ಲಲಿತಾಂಬಿಕಾ’ದಲ್ಲಿ ಬಂದು ನಿಲ್ಲುತ್ತದೆ. ಲಲ್ ಅನ್ನುವ ಸಂಸ್ಕೃತ ಧಾತುವಿಗೆ ಆಡು, ನಲಿದಾಡು ಅಂತ ಅರ್ಥ. ಲಲಿತಾ ಅಂದರೆ ಆಟವಾಡುವವಳು, ನಯವಾದವಳು. ಕೂಸನ್ನು ಮುದ್ದಿಸುವ ನಮ್ಮ ‘ಲಲ್ಲೆ’ ಮಾತು ಕೂಡ ಕಿವಿಗೆ ಇದರ ನೆಂಟನ ಹಾಗೇ ಕೇಳಿಸುತ್ತದೆ. ಎರಡೂವರೆ ತಿಂಗಳ ಮಗುವಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕಾ?

ಇನ್ನು ಇಂಗ್ಲಿಷಿನ ಎಚ್. ಇಲ್ಲಿ ನೀವೂ ಸರಿ, ಭಾವನೂ ಸರಿ. ಜಗಳ ನಿಮ್ಮಿಬ್ಬರದ್ದಲ್ಲ, ಎರಡು ರೂಢಿಗಳದ್ದು.

ನಮ್ಮ ಕಡೆ ಇಂಗ್ಲಿಷಿನ ಟಿ ಅಕ್ಷರವನ್ನು ನಾವು ‘ಟ’ ಅಂತಲೇ ಕೇಳಿಸಿಕೊಂಡಿದ್ದೇವೆ. ಟೀ, ಟೇಬಲ್, ಟಿಕೆಟ್. ಹಾಗಾದರೆ ‘ತ’ ಬರೆಯಲು ಏನು ಉಳಿಯಿತು? ಟಿ ಪಕ್ಕ ಎಚ್ ಇಟ್ಟೆವು. ಗೀತಾ, ಸುಜಾತಾ, ಸವಿತಾ, ಅನಿತಾ ಎಲ್ಲರಿಗೂ ಎಚ್ ಬಂದದ್ದು ಹೀಗೆ. ದಕ್ಷಿಣದ ನಾಲ್ಕೂ ಭಾಷೆಯವರಲ್ಲಿ ಈ ರೂಢಿ ಇದೆ. ಉತ್ತರದವರ ಲೆಕ್ಕ ಬೇರೆ. ಹಿಂದಿ, ಮರಾಠಿಯವರಿಗೆ ಬರೀ ಟಿ ಅಂದರೆ ‘ತ’ನೂ ಹೌದು, ‘ಟ’ನೂ ಹೌದು. ಎಚ್ ಸೇರಿದರೆ ಅದು ಮಹಾಪ್ರಾಣ, ನಮ್ಮ ‘ರಥ’ದ ‘ಥ’. ಪುಣೆಯ ಶಾಲೆಯಲ್ಲಿ ಎಚ್ ಹಾಕಿದ ಹೆಸರನ್ನು ಮೇಷ್ಟ್ರು ‘ಲಲಿಥಾ’ ಅಂತ ಓದಿದರೆ ಅವರ ತಪ್ಪೇನೂ ಇಲ್ಲ.

ಒಂದೇ ಪದ ಎರಡು ಕಡೆ ಹೇಗೆ ವೇಷ ಬದಲಿಸುತ್ತದೆ ನೋಡಿ. ದೆಹಲಿಯಲ್ಲಿ 1954ರಲ್ಲಿ ಶುರುವಾದ ರಾಷ್ಟ್ರೀಯ ಲಲಿತ ಕಲಾ ಅಕಾಡೆಮಿ ತನ್ನ ಇಂಗ್ಲಿಷ್ ಹೆಸರಿನಲ್ಲಿ ಎಚ್ ಇಟ್ಟುಕೊಂಡಿಲ್ಲ. ಬೆಂಗಳೂರಿನ ನಮ್ಮ ಕರ್ನಾಟಕ ಲಲಿತಕಲಾ ಅಕಾಡೆಮಿ ಎಚ್ ಹಾಕಿಕೊಂಡಿದೆ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯ್ ಬಂದರೆ ಉಳಿದುಕೊಳ್ಳಲಿ ಅಂತ 1921ರಲ್ಲಿ ಕಟ್ಟಿಸಿದ ಲಲಿತ ಮಹಲ್ ಅರಮನೆಗೂ ಇಂಗ್ಲಿಷಿನಲ್ಲಿ ಎಚ್ ಇದೆ. ನಾನಿರುವುದು ಆ ದಾರಿಯಲ್ಲೇ, ದಿನಾ ಬೋರ್ಡು ನೋಡುತ್ತೇನೆ.

ಹೆಂಗಸರ ಹೆಸರಲ್ಲೂ ಹಾಗೇ. ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ 1940ರ ದಶಕದಲ್ಲಿ ಎಲೆಕ್ಟ್ರಿಕಲ್ ಓದಿ, ದೇಶದ ಮೊದಲ ಮಹಿಳಾ ಎಂಜಿನಿಯರ್‌ಗಳ ಸಾಲಿಗೆ ಸೇರಿದ ಎ. ಲಲಿತಾ ಅವರ ಹೆಸರಿನಲ್ಲಿ ಎಚ್ ಇದೆ. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು, ಕೈಗೂಸು ಇಟ್ಟುಕೊಂಡು ಓದಿದವರು ಅವರು. ಮಗಳು ದೊಡ್ಡವಳಾದ ಮೇಲೆ ಈ ಕಥೆ ಖಂಡಿತ ಹೇಳಿ. 2016ರ ರಿಯೊ ಒಲಿಂಪಿಕ್ಸಿನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಫೈನಲ್ ಓಡಿ ಹತ್ತನೆಯವರಾದ ಲಲಿತಾ ಬಾಬರ್ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯವರು. ಅವರ ಹೆಸರಿನಲ್ಲಿ ಎಚ್ ಇಲ್ಲ. ಇಬ್ಬರೂ ತಮ್ಮ ತಮ್ಮ ಊರಿನ ರೂಢಿಯಂತೆ ಬರೆದುಕೊಂಡರು, ಇಬ್ಬರ ಹೆಸರೂ ಒಂದೇ.

ನಮ್ಮ ರಾಜ್ಯದೊಳಗೇ ಪೂರ್ತಿ ಒಂದು ನಿಯಮ ಇಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ತುಮಕೂರಿನ ‘ತು’ಗೆ ಎಚ್ ಸೇರಲಿಲ್ಲ. ತೀರ್ಥಹಳ್ಳಿಯ ಮೊದಲ ‘ತೀ’ಯನ್ನು ಎಷ್ಟೋ ಜನ ಎಚ್ ಹಾಕಿ ಬರೆಯುತ್ತಾರೆ. ಊರಿನ ಹೆಸರಿಗೆ ಇದು ನಡೆಯುತ್ತದೆ. ಮನುಷ್ಯರ ಹೆಸರಿಗೆ ನಡೆಯುವುದಿಲ್ಲ, ಅದನ್ನು ನಾನು ಅನುಭವಿಸಿದ್ದೇನೆ.

ನನ್ನ ಹೆಸರಿನ ಕೊನೆಗೂ ಇದೇ ‘ತಾ’ ಇದೆಯಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎಚ್ ಇಲ್ಲ. ಕೆಲಸಕ್ಕೆ ಸೇರಿದ ದಿನ ಸೇವಾ ಪುಸ್ತಕದಲ್ಲಿ ಗುಮಾಸ್ತರು ಎಚ್ ಹಾಕಿ ಬರೆದರು. ನಾನೂ ನೋಡಿದೆ, ಏನಾಯಿತು ಅಂತ ಬಿಟ್ಟೆ. ಬ್ಯಾಂಕಿನಲ್ಲಿ ಎಚ್ ಇತ್ತು, ಪ್ಯಾನ್ ಕಾರ್ಡಿನಲ್ಲಿ ಇರಲಿಲ್ಲ. 33 ವರ್ಷ ಯಾರೂ ಕೇಳಲಿಲ್ಲ. ಪೆನ್ಶನ್ ಕಾಗದ ಹೋದಾಗ ಒಂದು ಕಚೇರಿಯಿಂದ ಫೈಲು ಹಾಗೇ ವಾಪಸ್ ಬಂತು. ಇವರಿಬ್ಬರೂ ಒಬ್ಬರೇ ಅನ್ನುವುದಕ್ಕೆ ಆಧಾರ ಕೊಡಿ ಅಂದರು. ನೋಟರಿ ಹತ್ತಿರ ಪ್ರಮಾಣಪತ್ರ, ಹೆಡ್‌ಮಾಸ್ಟರ ದೃಢೀಕರಣ, ಮತ್ತೆ ಬ್ಯಾಂಕಿಗೆ ಅರ್ಜಿ. ಐದು ತಿಂಗಳು ಹಿಡಿಯಿತು. ಅಷ್ಟು ವರ್ಷ ಪಾಠ ಮಾಡಿದ ನಾನು ನಾನೇ ಅಂತ ಕಾಗದದಲ್ಲಿ ತೋರಿಸಬೇಕಾಗಿ ಬಂದದ್ದು ಬಹಳ ನೋವು ಕೊಟ್ಟಿತು. ಎಚ್ ಇದ್ದದ್ದಕ್ಕೂ ತೊಂದರೆ ಆಗಲಿಲ್ಲ, ಇಲ್ಲದ್ದಕ್ಕೂ ಆಗಲಿಲ್ಲ. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ್ದಕ್ಕೆ ಆಯಿತು.

ನಿಮ್ಮ ಮಗಳಿಗೆ ಎಚ್ ಹಾಕಿ ಅಂತಲೇ ನನ್ನ ಸಲಹೆ. ಅವಳು ಹುಟ್ಟಿದ್ದು ಇಲ್ಲಿ, ಓದುವುದೂ ಇಲ್ಲಿ. ಅವಳ ಹೆಸರನ್ನು ಮೊದಲ ಹದಿನೈದು ವರ್ಷ ಓದುವವರು, ಬರೆಯುವವರು ನಮ್ಮ ಕಡೆಯವರು. ಎಚ್ ಇಲ್ಲದೆ ಬರೆದರೆ ಇಲ್ಲಿ ಯಾರಾದರೂ ‘ಲಲಿಟಾ’ ಅಂದುಬಿಡಬಹುದು, ಅದು ಕೇಳಲು ಚೆನ್ನಾಗಿಲ್ಲ. ನಾಳೆ ದೂರ ಹೋದರೆ? ಹೊರದೇಶದವರಿಗೆ ಯಾವ ರೂಪವೂ ಪೂರ್ತಿ ಸರಿ ಓದಲು ಬರುವುದಿಲ್ಲ. ಎಚ್ ಇದ್ದರೆ ‘ಥ್ಯಾಂಕ್ಸ್’ನ ‘ಥ’ ತರುತ್ತಾರೆ. ಇಲ್ಲದಿದ್ದರೆ ಅಮೆರಿಕದಲ್ಲಿ ‘ವಾಟರ್’ ಅನ್ನುವುದು ‘ವಾಡರ್’ ಅಂತ ಕೇಳಿಸುವ ಹಾಗೆ ‘ಲಲೀಡಾ’ ಆಗುತ್ತದೆ. ಎರಡರಲ್ಲಿ ‘ಥ’ನೇ ನಮ್ಮ ‘ತ’ಗೆ ಹತ್ತಿರ. ಭಾವನಿಗೆ ಇದನ್ನು ಸಮಾಧಾನವಾಗಿ ಹೇಳಿ. ಅವರು ಪುಣೆಯ ಕಿವಿಯಿಂದ ಹೇಳುತ್ತಿದ್ದಾರೆ, ಅಷ್ಟೇ. ಮಗು ಅಲ್ಲಿ ಬೆಳೆಯುವುದಾಗಿದ್ದರೆ ನಾನೂ ಅವರ ಮಾತೇ ಹೇಳುತ್ತಿದ್ದೆ.

ಸಂಖ್ಯಾಶಾಸ್ತ್ರದ ಇನ್ನೊಂದು ಎಲ್ ದಯವಿಟ್ಟು ಬೇಡ. ನಂಬಿಕೆ ಅವರವರದ್ದು, ನೋಯಿಸಲು ಹೇಳುತ್ತಿಲ್ಲ. ಆದರೆ ಆ ಎಲ್ ಸೇರಿಸಿ ಕನ್ನಡದಲ್ಲಿ ಓದಿ ನೋಡಿ, ‘ಲಲ್ಲಿತಾ’ ಆಯಿತು. ಅದು ಅಜ್ಜಿಯ ಹೆಸರೂ ಅಲ್ಲ, ಯಾರ ಹೆಸರೂ ಅಲ್ಲ. ಆ ಮಗು ಜೀವನಪೂರ್ತಿ ಪ್ರತಿ ಕೌಂಟರಿನ ಮುಂದೆ ನಿಂತು ‘ಎರಡು ಎಲ್ ಸಾರ್, ನಡುವೆ ಇನ್ನೊಂದು’ ಅಂತ ಹೇಳುತ್ತಿರಬೇಕು. ನಿಮ್ಮ ಅಜ್ಜಿ ಮೂರು ಕನ್ನಡ ಅಕ್ಷರದಲ್ಲಿ 84 ವರ್ಷ ಚೆನ್ನಾಗಿ ಬಾಳಿದರು.

ಈಗ ಕಚೇರಿ ಕೆಲಸ. ಜನನ ನೋಂದಣಿ ಆಗಿ ಹೆಸರು ಖಾಲಿ ಇದ್ದರೆ ಗಾಬರಿ ಬೇಡ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ತಡದ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ. ಆದರೆ ಕಾಯಬೇಡಿ, ನಾಮಕರಣದ ಮರುವಾರವೇ ಹೋಗಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಈ ಒಂದು ಪ್ರಮಾಣಪತ್ರದ ತೂಕ ತುಂಬಾ ಜಾಸ್ತಿಯಾಗಿದೆ. ಶಾಲೆಗೆ ಸೇರಿಸಲು, ಮತದಾರರ ಪಟ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೆ, ಮದುವೆ ನೋಂದಣಿಗೆ, ಸರ್ಕಾರಿ ಕೆಲಸಕ್ಕೆ ಹುಟ್ಟಿದ ದಿನ, ಊರು ತೋರಿಸುವ ಮೂಲ ದಾಖಲೆ ಅದೇ. ಅಲ್ಲಿ ಬಿದ್ದ ಅಕ್ಷರವೇ ಮುಂದೆ ಎಲ್ಲ ಕಡೆ ನಕಲಾಗುತ್ತಾ ಹೋಗುತ್ತದೆ.

ಹೋಗುವಾಗ ಒಂದು ಬಿಳಿ ಹಾಳೆಯಲ್ಲಿ ಕನ್ನಡದ ಹೆಸರು, ಅದರ ಕೆಳಗೆ ಇಂಗ್ಲಿಷಿನ ಏಳು ಅಕ್ಷರ ದೊಡ್ಡದಾಗಿ ಬರೆದುಕೊಂಡು ಹೋಗಿ. ಎಲ್, ಎ, ಎಲ್, ಐ, ಟಿ, ಎಚ್, ಎ. ಬಾಯಲ್ಲಿ ಹೇಳಬೇಡಿ. ಪ್ರಮಾಣಪತ್ರದಲ್ಲಿ ಎರಡೂ ಭಾಷೆ ಇರುತ್ತದೆ. ಎಲ್ಲರೂ ಇಂಗ್ಲಿಷ್ ಮಾತ್ರ ನೋಡಿ ಸಹಿ ಹಾಕಿ ಬರುತ್ತಾರೆ. ನೀವು ಕನ್ನಡವನ್ನೂ ಓದಿ. ಇಂಗ್ಲಿಷಿನಿಂದ ಕಂಪ್ಯೂಟರ್ ತಾನಾಗಿ ಕನ್ನಡಕ್ಕೆ ತಿರುಗಿಸಿದಾಗ ಟಿ-ಎಚ್ ಕಂಡು ‘ಲಲಿಥ’ ಅಂತ ಮಾಡಿದ್ದನ್ನು ನಾನು ಎಷ್ಟೋ ಮಕ್ಕಳ ದಾಖಲೆಯಲ್ಲಿ ನೋಡಿದ್ದೇನೆ. ಹೊಟ್ಟೆಯಲ್ಲಿ ಚುಕ್ಕೆ ಇರುವ ಆ ‘ಥ’ ಬಂದಿದೆಯಾ, ಇಳಿ ಬಿಟ್ಟುಹೋಗಿದೆಯಾ, ಈ ಎರಡನ್ನು ಬೆರಳಿಟ್ಟು ನೋಡಿ. ಹಾಗೇ ನಿಮ್ಮ ಹೆಸರು, ನಿಮ್ಮವರ ಹೆಸರು ನಿಮ್ಮ ಆಧಾರ್‌ನಲ್ಲಿ ಇರುವಂತೆಯೇ ಇದೆಯಾ ಅಂತಲೂ ನೋಡಿಕೊಳ್ಳಿ. ಮಗುವಿನ ಹೆಸರಿನ ಗಲಾಟೆಯಲ್ಲಿ ಇದನ್ನು ಮರೆಯುವವರೇ ಹೆಚ್ಚು.

ಅಜ್ಜಿಯ ಸಹಿ ಇರುವ ಪಾಸ್‌ಬುಕ್ಕನ್ನು ಮಗಳಿಗಾಗಿ ಎತ್ತಿಡಿ. ನಾಮಕರಣದ ದಿನ ಅಪ್ಪ ತಟ್ಟೆಯ ಅಕ್ಕಿಯ ಮೇಲೆ ಹೆಸರು ಬರೆಯುತ್ತಾರಲ್ಲ, ಆ ಹೊತ್ತಿಗೆ ಅದನ್ನು ತಟ್ಟೆಯ ಪಕ್ಕ ಇಟ್ಟುಕೊಳ್ಳಿ. ‘ಲ’, ‘ಲಿ’, ‘ತ’ ಅಜ್ಜಿ ಬರೆದ ಹಾಗೇ ಬರೆಯಲಿ. ಆಮೇಲೆ ಇಳಿ ಎಳೆಯಲಿ.

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ತರಗತಿ ಓದುತ್ತಿದ್ದೇನೆ. ನನ್ನ ಹೆಸರು ಗೀತಾ. ಶಾಲೆಯಲ್ಲಿ ಎಚ್ ಇಲ್ಲ, ಎರಡು ಇ ಇದೆ. ಆಧಾರ್‌ನಲ್ಲಿ ಎಚ್ ಇದೆ, ಒಂದು ಐ ಇದೆ. ನನಗೆ ಎಚ್ ಇರುವುದೇ ಇಷ್ಟ. ಏನು ಮಾಡಲಿ?
— ಒಬ್ಬ ವಿದ್ಯಾರ್ಥಿನಿ, ತಿಪಟೂರು

ಉತ್ತರ: ಪುಟ್ಟೀ, ಈಗಲೇ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಹತ್ತನೇ ತರಗತಿಗೆ ಹೋದ ಮೇಲೆ ಪರೀಕ್ಷೆಗೆ ಹೆಸರು ನೋಂದಾಯಿಸುತ್ತಾರೆ. ಶಾಲೆಯ ದಾಖಲೆಯಲ್ಲಿ, ಸ್ಯಾಟ್ಸ್‌ನಲ್ಲಿ (ಶಿಕ್ಷಣ ಇಲಾಖೆ ಕಂಪ್ಯೂಟರಿನಲ್ಲಿ ಇಟ್ಟಿರುವ ವಿದ್ಯಾರ್ಥಿಗಳ ದಾಖಲೆ) ಏನಿದೆಯೋ ಅದೇ ಅಂಕಪಟ್ಟಿಗೆ ಹೋಗುತ್ತದೆ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಕಷ್ಟ. ಹಾಗಾಗಿ ಮೊದಲು ಮನೆಯಲ್ಲಿ ನಿನ್ನ ಜನನ ಪ್ರಮಾಣಪತ್ರ ಹುಡುಕಿ ತೆಗೆ. ಅದರಲ್ಲಿ ಯಾವ ರೂಪ ಇದೆಯೋ ಅದನ್ನೇ ಹಿಡಿ, ಉಳಿದ ಎರಡನ್ನೂ ಅದಕ್ಕೆ ಹೊಂದಿಸು. ನಿನಗೆ ಇಷ್ಟವಾದ ಎಚ್ ಅಲ್ಲಿದ್ದರೆ ನನಗೂ ಖುಷಿ. ಇಲ್ಲದಿದ್ದರೆ ಬೇಸರ ಮಾಡಿಕೊಳ್ಳಬೇಡ, ಮಗಾ. ಕನ್ನಡದಲ್ಲಿ ನೀನು ಬರೆಯುವ ‘ಗೀತಾ’ ಎರಡಕ್ಕೂ ಒಂದೇ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಅದನ್ನು ಅವಸರದಲ್ಲಿ ಕಳೆಯಬೇಡ. ಅಪ್ಪ ಅಥವಾ ಅಮ್ಮನನ್ನು ಕರೆದುಕೊಂಡು ಹೋಗಿ ಹೆಡ್‌ಮಾಸ್ಟರ ಹತ್ತಿರ ಈ ತಿಂಗಳೇ ಮಾತಾಡು.

ಪ್ರಶ್ನೆ: ಮೊಮ್ಮಗಳಿಗೆ ನನ್ನ ತಾಯಿಯ ಹೆಸರು ಲಕ್ಷ್ಮಿ ಅಂತ ಇಟ್ಟೇವ್ರಿ. ನಮ್ಮ ಮನಿತನದಾಗ ಇಂಗ್ಲಿಷಿನ್ಯಾಗ ಎಕ್ಸ್ ಹಾಕೇ ಬರೀತೀವಿ. ಬೆಂಗಳೂರಾಗಿರೋ ಮಗ ಎಕ್ಸ್ ಬ್ಯಾಡ, ಕೆ-ಎಸ್-ಎಚ್ ಹಾಕೂಣು ಅಂತಾನ. ಕನ್ನಡದಾಗ ‘ಲಕ್ಷ್ಮಿ’ ಸರಿಯೋ ‘ಲಕ್ಷ್ಮೀ’ ಸರಿಯೋ ಅದನ್ನೂ ಹೇಳ್ರಿ.
— ಹಿರಿಯ ಓದುಗರು, ಗದಗ

ಉತ್ತರ: ಯಜಮಾನರೇ, ನಿಮ್ಮ ಕಡೆ ಎಕ್ಸ್ ಇರುವುದು ಹಳೆಯ ರೂಢಿ. ಮಹಾರಾಷ್ಟ್ರದ ನಂಟಿನ ಊರುಗಳಲ್ಲಿ ಹೆಚ್ಚಾಗಿ ಹಾಗೇ ಬರೆಯುತ್ತಾರೆ. ಮೈಸೂರು ಕಡೆ ಕೆ-ಎಸ್-ಎಚ್ ಜಾಸ್ತಿ. ಓದಿದಾಗ ಎರಡೂ ‘ಕ್ಷ’ನೇ. ಎಕ್ಸ್ ಹಾಕಿದರೆ ಅಕ್ಷರ ಕಡಿಮೆ, ತಪ್ಪು ಬರೆಯುವ ಸಂಭವವೂ ಕಡಿಮೆ. ಮನೆತನದವರೆಲ್ಲ ಒಂದೇ ರೀತಿ ಬರೆಯುತ್ತಿರುವಾಗ ಈ ಕೂಸೊಬ್ಬಳಿಗೆ ಬೇರೆ ಯಾಕೆ? ಎಕ್ಸ್ ಇರಲಿ. ಮಗನಿಗೆ ನಾನು ಹೇಳಿದೆ ಅನ್ನಿ. ಕನ್ನಡದಲ್ಲಿ ಹೆಸರು ಒಂಟಿಯಾಗಿ ಬಂದಾಗ ‘ಲಕ್ಷ್ಮಿ’ ಸಾಕು. ನದೀ ನಮ್ಮಲ್ಲಿ ನದಿ ಆದ ಹಾಗೆ, ಗೌರೀ ಗೌರಿ ಆದ ಹಾಗೆ. ಲಕ್ಷ್ಮೀಪತಿ, ಲಕ್ಷ್ಮೀನಾರಾಯಣ ಅಂತ ಇನ್ನೊಂದು ಪದದ ಜೊತೆ ಸೇರಿದಾಗ ದೀರ್ಘ ಬರುತ್ತದೆ. ಮೊಮ್ಮಗಳಿಗೆ ಗುಡಿಸು ಸಾಕು, ಅದರ ಮುಂದೆ ದೀರ್ಘ ಬೇಡ.